ಅಪ್ಪನಿಗೆ ಇಮ್ಯುನೊಥೆರಪಿ ಕೊಡೋಣ ಅಂತಿದ್ದಾರೆ, ಡಾಕ್ಟರ್ ಹತ್ರ ಏನೇನು ಕೇಳಬೇಕು?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಅಪ್ಪನಿಗೆ 64. ಬಸ್ ಡ್ರೈವರ್ ಆಗಿದ್ದರು, ರಿಟೈರ್ ಆದ ಮೇಲೆ ಊರಲ್ಲಿ ಅರ್ಧ ಎಕರೆ ತೋಟ ನೋಡಿಕೊಂಡಿದ್ದಾರೆ. 30 ವರ್ಷ ಬೀಡಿ ಸೇದಿದವರು, ಬಿಟ್ಟು 7 ವರ್ಷ ಆಯ್ತು. ಗೌರಿ ಹಬ್ಬದ ಹೊತ್ತಿಗೆ ಕೆಮ್ಮು ಶುರುವಾಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಟಿಬಿ ಇರಬೇಕು ಅಂತ ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದರೂ ಕೆಮ್ಮು ಹೋಗಲಿಲ್ಲ, ತೂಕ ಮಾತ್ರ 8 ಕೆಜಿ ಇಳಿಯಿತು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಬಂದು ಸಿಟಿ ಸ್ಕ್ಯಾನ್, ಬಯಾಪ್ಸಿ, ಪೆಟ್ ಸ್ಕ್ಯಾನ್ ಎಲ್ಲ ಮಾಡಿಸಿದೆವು. ಶ್ವಾಸಕೋಶದ ಅಡೆನೊಕಾರ್ಸಿನೋಮ, ಅಂದರೆ ಒಂದು ಥರದ ಕ್ಯಾನ್ಸರ್, 4ನೇ ಸ್ಟೇಜ್. ಪಿಡಿ-ಎಲ್1 (ಕ್ಯಾನ್ಸರ್ ಕಣಗಳ ಮೇಲಿರೋ ಒಂದು ಪ್ರೋಟೀನ್ ಅಂತೆ) 60% ಅಂತ ರಿಪೋರ್ಟ್‌ನಲ್ಲಿದೆ. ಜೀನ್ ಟೆಸ್ಟ್ ಅಂತ ಇನ್ನೊಂದು ಇದೆ, ಅದು ಬರೋಕೆ ಇನ್ನೂ ಹತ್ತು ದಿನ ಬೇಕಂತೆ.

ಡಾಕ್ಟರ್ ಒಳ್ಳೆಯವರೇ. ಆದರೆ ಹೊರಗೆ ಅಷ್ಟು ಜನ ಕೂತಿರುತ್ತಾರೆ, ನಮಗೆ ಸಿಗೋದು ಹತ್ತು ನಿಮಿಷ. ಪಿಡಿ-ಎಲ್1 ಚೆನ್ನಾಗಿದೆ, ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ಬೀಳೋ ಹಾಗೆ ಮಾಡೋ ಔಷಧಿ) ಒಂದೇ ಸಾಕಾಗಬಹುದು, ಕೀಮೊ ಬೇಕಾಗದೇ ಇರಬಹುದು ಅಂದರು. ನಾನು ತಲೆ ಆಡಿಸಿ ಎದ್ದು ಬಂದೆ. ಲಿಫ್ಟ್ ಹತ್ರ ನಿಂತಾಗ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ ಅಂತ ಅಳು ಬಂತು. ಅಣ್ಣ ಬೇರೆ, ಜೀನ್ ಟೆಸ್ಟ್‌ಗೆಲ್ಲ ಕಾಯೋದು ಬೇಡ, ಕಾಯಿಲೆ ಕಾಯುತ್ತಾ, ಈ ವಾರವೇ ಶುರು ಮಾಡಿಸೋಣ ಅಂತ ಹಟ ಹಿಡಿದಿದ್ದಾನೆ. ಗುರುವಾರ ಮತ್ತೆ ಹೋಗಬೇಕು. ಈ ಸಲ ಚೀಟಿ ಬರೆದುಕೊಂಡು ಹೋಗುತ್ತೇನೆ. ಏನೇನು ಕೇಳಬೇಕು ಅಂತ ಗೊತ್ತಿರುವವರು ಹೇಳಿ.

ಇನ್ನೊಂದು ವಿಷಯ, ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. ಶ್ವಾಸಕೋಶದಲ್ಲಿ ಸೋಂಕು, ಗಟ್ಟಿ ಆಗಿದೆ, ಇಂಜೆಕ್ಷನ್ ಕೊಟ್ಟರೆ ಕರಗುತ್ತದೆ ಅಂತ ಹೇಳಿದ್ದೇವೆ. ಒಳಗೆ ಅಣ್ಣ, ನಾನು ಮಾತ್ರ ಹೋಗೋದು. ಅಪ್ಪ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ.

ಶಿರಸಿಯವನು

ನಿಮ್ಮ ಅಣ್ಣನಿಗೆ ಮೊದಲು ಇದನ್ನು ಓದಿಸಿ.

ನನ್ನ ಅಮ್ಮನದ್ದೂ ಅಡೆನೊಕಾರ್ಸಿನೋಮ, 4ನೇ ಸ್ಟೇಜ್. ಬೀಡಿ ಸಿಗರೇಟು ಮುಟ್ಟಿದವರಲ್ಲ, ಸೌದೆ ಒಲೆ ಮುಂದೆ ಮಾತ್ರ ಜೀವನ ಕಳೆದವರು. ಅವರದ್ದು ಪಿಡಿ-ಎಲ್1 70% ಇತ್ತು. ನಾವೂ ನಿಮ್ಮ ಅಣ್ಣನ ಥರವೇ ಗಡಿಬಿಡಿ ಮಾಡಿದೆವು, ದುಡ್ಡು ಹೊಂದಿಸಿದ್ದೆವು, ಕೊಡಿ ಕೊಡಿ ಅಂತ ಡಾಕ್ಟರ್ ಹಿಂದೆ ಬಿದ್ದೆವು. ಅವರು ಒಪ್ಪಲಿಲ್ಲ. ಹನ್ನೆರಡನೇ ದಿನ ರಿಪೋರ್ಟ್ ಬಂತು, ಇಜಿಎಫ್‌ಆರ್ ಪಾಸಿಟಿವ್. ಅಮ್ಮನಿಗೆ ಡ್ರಿಪ್ ಬೇಕಾಗಲೇ ಇಲ್ಲ. ದಿನಕ್ಕೊಂದು ಒಸಿಮರ್ಟಿನಿಬ್ ಮಾತ್ರೆ. ಈಗ ಎರಡೂವರೆ ವರ್ಷ, ಮೊನ್ನೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದರು.

ಇಜಿಎಫ್‌ಆರ್ ಅಥವಾ ಎಎಲ್‌ಕೆ ಜೀನ್‌ನಲ್ಲಿ ಬದಲಾವಣೆ ಇರುವ ಕ್ಯಾನ್ಸರ್‌ಗೆ ಅದಕ್ಕೇ ಅಂತ ಮಾತ್ರೆಗಳಿವೆ. ಅಂಥವರಿಗೆ ಪಿಡಿ-ಎಲ್1 ಎಷ್ಟೇ ಜಾಸ್ತಿ ಇದ್ದರೂ ಇಮ್ಯುನೊಥೆರಪಿ ಅಷ್ಟಾಗಿ ಕೆಲಸ ಮಾಡೋದಿಲ್ಲ. ಅಷ್ಟೇ ಆಗಿದ್ದರೆ ದುಡ್ಡು ಹೋಯ್ತು ಅಂದುಕೊಳ್ಳಬಹುದಿತ್ತು. ಮೊದಲು ಇಮ್ಯುನೊಥೆರಪಿ ಕೊಟ್ಟು, ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶಕ್ಕೇ ಉರಿಊತ ಬಂದು ಉಸಿರಾಟಕ್ಕೆ ತೊಂದರೆ ಆಗುವ ಅಪಾಯ ಹೆಚ್ಚು. ಇಮ್ಯುನೊಥೆರಪಿ ನಿಲ್ಲಿಸಿದರೂ ತಿಂಗಳುಗಟ್ಟಲೆ ಅದರ ಪ್ರಭಾವ ಮೈಯಲ್ಲಿ ಇರುತ್ತದಂತೆ, ತಪ್ಪಾಯ್ತು ಅಂತ ಹಿಂದೆ ತೆಗೆದುಕೊಳ್ಳೋಕೆ ಆಗಲ್ಲ. ಬೀಡಿ ಸೇದದವರಲ್ಲಿ ಈ ಬದಲಾವಣೆ ಜಾಸ್ತಿ ಸಿಗುತ್ತದೆ ನಿಜ, ಹಾಗಂತ ಸೇದಿದವರಲ್ಲಿ ಇರೋದೇ ಇಲ್ಲ ಅಂತ ಅಲ್ಲ.

ಚೀಟಿಯಲ್ಲಿ ಮೊದಲನೇ ಪ್ರಶ್ನೆ ಇದೇ ಇರಲಿ: ಇಜಿಎಫ್‌ಆರ್, ಎಎಲ್‌ಕೆ ಎರಡೂ ನೋಡಿದ್ದೀರಾ, ಬೇರೆ ಯಾವ ಜೀನ್ ನೋಡಿದ್ದೀರಾ, ರಿಪೋರ್ಟ್ ಬರೋ ತನಕ ಕಾದರೆ ಅಪ್ಪನಿಗೆ ತೊಂದರೆ ಇದೆಯಾ? ತೀರಾ ಉಸಿರು ಕಟ್ಟುತ್ತಿದ್ದರೆ ಸದ್ಯಕ್ಕೆ ಕೀಮೊ ಮಾತ್ರ ಶುರು ಮಾಡಿ, ಇಮ್ಯುನೊಥೆರಪಿಯನ್ನು ರಿಪೋರ್ಟ್ ಬಂದ ಮೇಲೆ ಸೇರಿಸುವ ದಾರಿಯೂ ಇದೆ. ನಮ್ಮ ಡಾಕ್ಟರ್ ಹಾಗೇ ಹೇಳಿದ್ದರು.

ಡೇಕೇರ್ ನರ್ಸ್

ಶಿರಸಿಯವರು ಹೇಳಿದ್ದು ಸರಿ. ನಾನು ಕೀಮೊ ಡೇಕೇರ್‌ನಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ನಿಮ್ಮ ಅಪ್ಪನಿಗೆ ಯಾವುದು ಸರಿ ಅಂತ ಅವರ ಡಾಕ್ಟರೇ ಹೇಳಬೇಕು. ಡ್ರಿಪ್ ಹಾಕೋಳು ನಾನಾದ್ದರಿಂದ ಮನೆಯವರಿಗೆ ಎಲ್ಲಿ ಅರ್ಥ ಆಗಿರಲ್ಲ ಅನ್ನೋದು ಚೆನ್ನಾಗಿ ಗೊತ್ತು.

ನಮ್ಮ ಮೈಯ ಟಿ ಕಣಗಳು ಪೊಲೀಸರ ಥರ ಓಡಾಡುತ್ತಿರುತ್ತವೆ. ಅವುಗಳ ಮೇಲೆ ಪಿಡಿ-1 ಅನ್ನೋ ಒಂದು ಗುಂಡಿ ಇದೆ. ಯಾರಾದರೂ ಆ ಗುಂಡಿ ಒತ್ತಿದರೆ, ಇವರು ನಮ್ಮವರೇ ಅಂತ ಟಿ ಕಣ ಸುಮ್ಮನಾಗುತ್ತದೆ. ಕ್ಯಾನ್ಸರ್ ಕಣ ಪಿಡಿ-ಎಲ್1 ಅನ್ನೋ ಬೆರಳಿಂದ ಅದೇ ಗುಂಡಿ ಒತ್ತಿ ಪಾರಾಗುತ್ತದೆ. ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಥರದ ಇಮ್ಯುನೊಥೆರಪಿ ಔಷಧಿ ಆ ಗುಂಡಿಯನ್ನು ಮುಚ್ಚಿಬಿಡುತ್ತದೆ. ಅಟೆಜೊಲಿಜುಮಾಬ್, ದುರ್ವಾಲುಮಾಬ್ ಬೆರಳನ್ನು ಹಿಡಿಯುತ್ತವೆ. ಈ ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು, ಅದೇ ವರ್ಷ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ ಸೇರಿ.

ಈಗ ಮುಖ್ಯ ವಿಷಯ. ಗುಂಡಿ ಮುಚ್ಚಿದ ಮೇಲೆ ಟಿ ಕಣಗಳು ನಮ್ಮದೇ ಅಂಗಗಳ ಮೇಲೂ ಬೀಳಬಹುದು. ಶ್ವಾಸಕೋಶ, ದೊಡ್ಡ ಕರುಳು, ಲಿವರ್, ಥೈರಾಯ್ಡ್, ಚರ್ಮ, ಕೆಲವರಲ್ಲಿ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ, ತೀರಾ ಅಪರೂಪಕ್ಕೆ ಹೃದಯ. ಕೀಮೊದಲ್ಲಿ ಯಾವ ವಾರ ಸುಸ್ತು, ಯಾವ ವಾರ ಕೂದಲು ಉದುರುತ್ತದೆ ಅಂತ ಸುಮಾರಾಗಿ ಹೇಳಬಹುದು. ಇದರಲ್ಲಿ ಮೊದಲ ಡೋಸ್ ಆದ ಮೇಲೂ ಬರಬಹುದು, ಚಿಕಿತ್ಸೆ ಮುಗಿದು ತಿಂಗಳುಗಳ ಮೇಲೂ ಬರಬಹುದು. ಬೇಗ ಹಿಡಿದರೆ ಡೋಸ್ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನವು ಹತೋಟಿಗೆ ಬರುತ್ತವೆ. ತಡ ಮಾಡಿದರೆ ಕಷ್ಟ.

ಒಬ್ಬರು ಯಜಮಾನರು, ಮೂರನೇ ಡೋಸ್‌ಗೆ ಬಂದಿದ್ದರು. ಕೈಗೆ ಸೂಜಿ ಹಾಕಿ, ಟೇಪ್ ಅಂಟಿಸುತ್ತಾ ಹೇಗಿದ್ದೀರಾ ಅಂದೆ. ಆರಾಮಾಗಿದ್ದೀನಿ ಅಂದರು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನ ತುದಿ ಸುತ್ತುತ್ತಾ, 'ಮೆಟ್ಟಿಲು ಹತ್ತಬೇಕಾದರೆ ಈಗ ಎರಡು ಸಲ ನಿಲ್ತಾರೆ, ಮೊದಲು ನಿಲ್ತಿರಲಿಲ್ಲ' ಅಂದರು. ಬೆರಳಿಗೆ ಮಷಿನ್ ಹಾಕಿದೆ, ಆಮ್ಲಜನಕ 91. ಡ್ರಿಪ್ ಶುರು ಮಾಡಲಿಲ್ಲ, ಡಾಕ್ಟರನ್ನು ಕರೆದೆ. ಸಿಟಿ ಮಾಡಿಸಿದರೆ ಎರಡೂ ಕಡೆ ನ್ಯುಮೊನೈಟಿಸ್, ಅಂದರೆ ಶ್ವಾಸಕೋಶದ ಉರಿಊತ. ಆ ಅಮ್ಮ ಆ ಒಂದು ಮಾತು ಹೇಳದೇ ಇದ್ದಿದ್ದರೆ ಇನ್ನೊಂದು ಡೋಸ್ ಹೋಗಿರುತ್ತಿತ್ತು.

ಅದಕ್ಕೇ ಗುರುವಾರ ಇದನ್ನು ಕೇಳದೇ ಎದ್ದು ಬರಬೇಡಿ: ರಾತ್ರಿ 2 ಗಂಟೆಗೆ ಭೇದಿ ಶುರುವಾದರೆ, ಉಸಿರು ಕಟ್ಟಿದರೆ, ನಾವು ಯಾವ ನಂಬರ್‌ಗೆ ಫೋನ್ ಮಾಡಬೇಕು, ಹಾಸನದಲ್ಲೇ ಯಾರ ಹತ್ರ ಹೋಗಬೇಕು? ಇಮ್ಯುನೊಥೆರಪಿ ತಗೊಳ್ಳುತ್ತಿದ್ದಾರೆ ಅಂತ ಔಷಧಿ ಹೆಸರು, ಕೊನೆ ಡೋಸ್ ತಾರೀಖು ಬರೆದ ಚೀಟಿ ಅಪ್ಪನ ಜೇಬಲ್ಲಿ ಯಾವಾಗಲೂ ಇರಲಿ. ಕ್ಯಾಶುವಾಲ್ಟಿಯಲ್ಲಿ ಇರೋ ಡಾಕ್ಟರ್ ಅದನ್ನು ಕೀಮೊ ಅಂದುಕೊಂಡು ಬರೀ ಸೋಂಕಿಗೆ ಔಷಧಿ ಕೊಟ್ಟು ಕಳಿಸಿದ್ದನ್ನು ನೋಡಿದ್ದೇನೆ.

ನೀವೇ ಬಾಯಿಬಿಟ್ಟು ಹೇಳಬೇಕಾದದ್ದೂ ಇದೆ. ಸಂಧಿವಾತ, ಸೋರಿಯಾಸಿಸ್, ಲೂಪಸ್ ಥರ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ಬೀಳುವ ಕಾಯಿಲೆ ಹಿಂದೆ ಇತ್ತಾ, ಈಗ ಯಾವುದಾದರೂ ಸ್ಟೀರಾಯ್ಡ್ ಮಾತ್ರೆ ನಡೀತಿದೆಯಾ, ಟಿಬಿ ನಿಜವಾಗಿ ಇತ್ತಾ ಅಥವಾ ಸುಮ್ನೆ ಅನುಮಾನಕ್ಕೆ ಮಾತ್ರೆ ಕೊಟ್ಟಿದ್ದಾ. ಮತ್ತೆ, ರೋಗನಿರೋಧಕ ಶಕ್ತಿಗೆ ಅಂತ ಅಮೃತಬಳ್ಳಿ ಕಷಾಯ, ಪುಡಿ, ಲೇಹ್ಯ ಕುಡಿಸುತ್ತಿದ್ದರೆ ಅದೂ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಅಮೃತಬಳ್ಳಿಯಿಂದ ಲಿವರ್‌ಗೆ ಏಟು ಬಿದ್ದ ಕೇಸ್‌ಗಳಿವೆ, ಆಗ ಲಿವರ್ ಕೆಟ್ಟಿದ್ದು ಔಷಧಿಯಿಂದಲೋ ಕಷಾಯದಿಂದಲೋ ಅಂತ ಡಾಕ್ಟರಿಗೂ ಗೊತ್ತಾಗಲ್ಲ.

ಬೆಣ್ಣೆನಗರಿ

ಇಷ್ಟು ದಿನ ಇದನ್ನು ಯಾರ ಹತ್ರವೂ ಹೇಳಿರಲಿಲ್ಲ. ನಿಮ್ಮ ಕೊನೆಯ ಪ್ಯಾರಾ ಓದಿ ಬರೆಯಲೇಬೇಕು ಅನ್ನಿಸಿತು.

ನಾವೂ ಅಪ್ಪನಿಗೆ ಹೇಳಿರಲಿಲ್ಲ. ಶಕ್ತಿ ಬರೋ ಇಂಜೆಕ್ಷನ್, ಮೂರು ವಾರಕ್ಕೊಂದು ಅಂತ ಹೇಳಿದ್ದೆವು. ನಾಲ್ಕು ಡೋಸ್ ಚೆನ್ನಾಗಿ ಹೋಯ್ತು, ಕೆಮ್ಮು ನಿಂತಿತ್ತು, ಊಟ ಸೇರುತ್ತಿತ್ತು, ಸ್ಕ್ಯಾನ್‌ನಲ್ಲಿ ಗಡ್ಡೆ ಸಣ್ಣದಾಗಿತ್ತು. ಆಮೇಲೆ ಭೇದಿ. ಅಪ್ಪನಿಗೆ ಅದನ್ನು ಸೊಸೆ ಮುಂದೆ ಹೇಳೋಕೆ ನಾಚಿಕೆ. ಮದುವೆ ಊಟ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡು, ಬೀದಿ ತುದಿಯ ಕ್ಲಿನಿಕ್‌ಗೆ ಒಬ್ಬರೇ ಹೋಗಿ ಭೇದಿ ನಿಲ್ಲೋ ಮಾತ್ರೆ ತಂದುಕೊಂಡರು. ಬೇರೆ ಏನಾದರೂ ಔಷಧಿ ತಗೋತಿದ್ದೀರಾ ಅಂತ ಅಲ್ಲಿ ಕೇಳಿದ್ದರಂತೆ. ಬಿಪಿ ಮಾತ್ರೆ ಅಂತ ಹೇಳಿದ್ದಾರೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ ಅಲ್ವಾ?

ಒಂಬತ್ತು ದಿನ. ಬಚ್ಚಲಲ್ಲಿ ಬಿದ್ದಾಗಲೇ ನಮಗೆ ಗೊತ್ತಾಗಿದ್ದು. ಕರುಳಿನ ಉರಿಊತ, ಕೊಲೈಟಿಸ್. ಐಸಿಯು, ನರಕ್ಕೆ ಸ್ಟೀರಾಯ್ಡ್, ಎರಡು ಬಾಟಲಿ ರಕ್ತ. ಉಳಿದುಕೊಂಡರು, ಆದರೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧಿಯನ್ನು ಮತ್ತೆ ಕೊಡೋ ಹಾಗಿಲ್ಲ ಅಂದರು. ವಾರ್ಡ್‌ನಲ್ಲಿ ಅಪ್ಪ ನನ್ನ ಕೈ ಹಿಡಿದು 'ನನಗೆ ಏನು ಕೊಡಿಸ್ತಿದ್ರಿ ನೀವು?' ಅಂತ ಕೇಳಿದರು. ಉತ್ತರ ಕೊಡೋಕೆ ಬಾಯೇ ಬರಲಿಲ್ಲ.

ಕೀಮೊ ಆಗಿದ್ದರೆ ವಾಂತಿ, ಕೂದಲು ಎಲ್ಲ ನಮ್ಮ ಕಣ್ಣಿಗೇ ಕಾಣುತ್ತಿತ್ತು, ಹೇಳದೇ ಇದ್ದರೂ ಹೇಗೋ ನಡೆಯುತ್ತಿತ್ತೇನೋ. ಈ ಔಷಧಿಯಲ್ಲಿ ಮೊದಲ ಸುಳಿವು ಸಿಗೋದು ರೋಗಿಗೆ ಮಾತ್ರ. ನಾಲ್ಕು ಸಲ ಬಯಲಿಗೆ ಹೋಗಿ ಬಂದದ್ದು, ಕೆಮ್ಮು ಸ್ವಲ್ಪ ಬೇರೆ ಥರ ಆದದ್ದು, ತಲೆನೋವು ಬಿಡದೇ ಇದ್ದದ್ದು. ತಾನು ಏನು ತಗೊಳ್ಳುತ್ತಿದ್ದೇನೆ ಅಂತ ಗೊತ್ತಿಲ್ಲದವರು ಅದನ್ನು ಯಾಕೆ ಹೇಳುತ್ತಾರೆ? ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ. ಕೈ ಮುಗಿದು ಕೇಳುತ್ತೇನೆ.

ಲೆಕ್ಕಪತ್ರ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಇದನ್ನೂ ಡಾಕ್ಟರ್ ಹತ್ರವೇ ಕೇಳಿ, ಸಂಕೋಚ ಬೇಡ. ನಮಗೆ ಇಷ್ಟು ಮಾತ್ರ ಆಗುತ್ತದೆ ಅಂತ ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕ ಹಾಗೆ ಯೋಚಿಸುತ್ತಾರೆ. ಮೂರು ಡೋಸ್ ಆದ ಮೇಲೆ ತೋಟ ಮಾರೋಕೆ ಓಡಾಡೋದು ಬೇಡ.

ಪೆಂಬ್ರೊಲಿಜುಮಾಬ್ ಆದರೆ 3 ವಾರಕ್ಕೆ 200 ಮಿಗ್ರಾಂ ಅಥವಾ 6 ವಾರಕ್ಕೆ 400, ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ 2 ವರ್ಷದ ತನಕ. 2023ರಲ್ಲಿ ಇದರ ಕಸ್ಟಮ್ಸ್ ಸುಂಕ ತೆಗೆದರು, 2024ರ ಬಜೆಟ್‌ನಲ್ಲಿ ಒಸಿಮರ್ಟಿನಿಬ್, ದುರ್ವಾಲುಮಾಬ್ ಸುಂಕವನ್ನೂ ತೆಗೆದರು. ಆದರೂ ಲಕ್ಷಗಟ್ಟಲೆ ಲೆಕ್ಕವೇ. ಕಂಪನಿಗಳ ಸಹಾಯ ಯೋಜನೆ ಇದೆಯಾ, ಎಷ್ಟು ಡೋಸ್ ಕೊಂಡರೆ ಎಷ್ಟು ಉಚಿತ ಅಂತ ಕೇಳಿ. ಮೊದಲ ಡೋಸ್‌ಗೆ ಮುಂಚೆಯೇ ಕೇಳಿ, ಹೆಸರು ನೋಂದಾಯಿಸೋದು ತಡ ಆಗಬಾರದು. ಆಯುಷ್ಮಾನ್ ಕಾರ್ಡ್‌ನಲ್ಲಿ ಈ ಔಷಧಿ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ರ ಬರೆಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಒಂದು ಸಲ ವಿಚಾರಿಸಿ.

ಕಡಿಮೆ ಡೋಸ್ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ನಿವೊಲುಮಾಬ್ ಅನ್ನು ಬರೀ 20 ಮಿಗ್ರಾಂ, ಕಡಿಮೆ ಡೋಸ್ ಮಾತ್ರೆಗಳ ಜೊತೆ ಕೊಟ್ಟು, ಒಂದು ವರ್ಷ ಬದುಕಿದವರು 100ಕ್ಕೆ 16 ಇದ್ದದ್ದು 43 ಆಯ್ತು ಅಂತ 2022ರಲ್ಲಿ ತೋರಿಸಿದ್ದು ನಿಜ. ಆದರೆ ಅದು ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್‌ನಲ್ಲಿ. ಶ್ವಾಸಕೋಶಕ್ಕೆ ಅದೇ ಲೆಕ್ಕ ಹಿಡಿಯಬೇಡಿ. ಪೂರ್ತಿ ಡೋಸ್ ಸಾಧ್ಯವೇ ಇಲ್ಲದಿದ್ದರೆ ಅದನ್ನು ಯೋಚಿಸಬಹುದಾ, ಕೀಮೊ ಒಂದೇ ಒಳ್ಳೆಯದಾ ಅಂತ ನೇರವಾಗಿ ಕೇಳಿ.

ಹಾಸನದ ಮಗಳು

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಬೆಣ್ಣೆನಗರಿ ಅವರು ಬರೆದದ್ದನ್ನು ಅಣ್ಣನಿಗೆ ಓದಿಸಿದೆ. ಏನೂ ಮಾತಾಡದೆ ಎದ್ದು ಹೋದ. ರಾತ್ರಿ ಫೋನ್ ಮಾಡಿ, ಕಾಯೋಣ, ಅಪ್ಪನಿಗೂ ಹೇಳೋಣ ಅಂದ. ಆದರೆ ಹೇಗೆ ಹೇಳೋದು? ಕ್ಯಾನ್ಸರ್ ಅಂದ ತಕ್ಷಣ ಅಪ್ಪ ಊಟ ಬಿಟ್ಟುಬಿಡುತ್ತಾರೆ ಅಂತ ಅಮ್ಮನಿಗೆ ಭಯ.

ಧಾರವಾಡದ ಮಾಸ್ತರ

ತಂಗಿ, ನಾನೇ ರೋಗಿ. 67 ವರ್ಷ, 4ನೇ ಸ್ಟೇಜ್, ಪೆಂಬ್ರೊಲಿಜುಮಾಬ್ ಶುರುವಾಗಿ 21 ತಿಂಗಳು.

ನನ್ನ ಮಕ್ಕಳೂ ಮುಚ್ಚಿಟ್ಟಿದ್ದರು. ನನಗೆ ಗೊತ್ತಿತ್ತು. ಮನೆಯಲ್ಲಿ ಮಾತು ಒಮ್ಮೆಲೇ ನಿಂತು ಹೋಗೋದು, ಬೀಗರು ಹಣ್ಣು ತಂದು ಮುಖ ನೋಡದೆ ಮಾತಾಡೋದು, ಆಸ್ಪತ್ರೆ ಬೋರ್ಡು ನಾನೂ ಓದುತ್ತೇನಲ್ಲ. ನಿಮ್ಮ ಅಪ್ಪ ಅಷ್ಟು ವರ್ಷ ಬಸ್ಸು ಓಡಿಸಿದವರು, ಕನ್ನಡಿಯಲ್ಲಿ ಹಿಂದಿನವರ ಮುಖ ನೋಡಿ ಅಭ್ಯಾಸ ಇರುವವರು. ಅವರಿಗೆ ಅರ್ಧ ಗೊತ್ತಿರುತ್ತದೆ. ನಾನು ಒಬ್ಬನೇ ಮಲಗಿ ಯೋಚಿಸುತ್ತಿದ್ದೆನಲ್ಲ, ಆ ದಿನಗಳೇ ಎಲ್ಲಕ್ಕಿಂತ ಕೆಟ್ಟವು.

ನೀವೇ ಹೇಳಬೇಕಾಗಿಲ್ಲ. ಡಾಕ್ಟರಿಗೆ ಮೊದಲೇ ಹೇಳಿ, ಅಪ್ಪನನ್ನು ಕರೆತರುತ್ತಿದ್ದೇವೆ, ಅವರಿಗೆ ಇನ್ನೂ ಹೇಳಿಲ್ಲ, ನೀವು ಹೇಳಿ, ನಾವು ಪಕ್ಕದಲ್ಲಿ ಇರುತ್ತೇವೆ ಅಂತ. ನನ್ನ ಡಾಕ್ಟರ್ ಮೊದಲು ಕೇಳಿದ್ದು, 'ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಅನ್ನಿಸಿದೆ?' ಅಂತ. ಆಮೇಲೆ, 'ಎಲ್ಲ ಹೇಳಲಾ, ಬೇಕಾದಷ್ಟು ಹೇಳಲಾ?' ಅಂದರು. ನಾನು ಎಲ್ಲ ಹೇಳ್ರಿ ಅಂದೆ. ಬೇಕಾದಷ್ಟೇ ಸಾಕು ಅನ್ನುವವರೂ ಇರುತ್ತಾರೆ, ಅದೂ ಅವರ ಹಕ್ಕು. ಆದರೆ ಔಷಧಿ ಯಾವುದು, ಏನಾದರೆ ಕೂಡಲೇ ಹೇಳಬೇಕು ಅನ್ನುವುದಷ್ಟು ಅವರಿಗೆ ಗೊತ್ತಿರಲೇಬೇಕು.

ಅಂಕಿಸಂಖ್ಯೆ ನಾನೇ ಕೇಳಿದೆ. ನನ್ನಂತೆ ಪಿಡಿ-ಎಲ್1 50% ಅಥವಾ ಹೆಚ್ಚಿದ್ದು, ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆ ಇಲ್ಲದ 305 ಜನರ ಮೇಲೆ ನಡೆದ ಒಂದು ಅಧ್ಯಯನ ಇದೆ, 2016ರಲ್ಲಿ ಮೊದಲು ಪ್ರಕಟವಾಯಿತು. ಪೆಂಬ್ರೊಲಿಜುಮಾಬ್‌ನಿಂದ ಶುರು ಮಾಡಿದವರಲ್ಲಿ 5 ವರ್ಷಕ್ಕೆ 100ಕ್ಕೆ ಸುಮಾರು 32 ಜನ ಬದುಕಿದ್ದರು, ಕೀಮೊದಿಂದ ಶುರು ಮಾಡಿದವರಲ್ಲಿ 16. ಎರಡರಷ್ಟು, ಹೌದು. ಹಾಗೆಯೇ ಉಳಿದ 68 ಜನರ ಲೆಕ್ಕವನ್ನೂ ನಾನು ನೋಡಿದೆ. ನೋಡಿಯೇ ಒಪ್ಪಿದೆ.

ನನಗೆ ಐದನೇ ತಿಂಗಳಲ್ಲಿ ವಿಪರೀತ ಸುಸ್ತು, ಚಳಿ. ಮಗಳು ವಯಸ್ಸಾಯ್ತು ಅಂದಳು. ನಾನು ನಂಬರ್‌ಗೆ ಫೋನ್ ಮಾಡಿದೆ. ಟಿಎಸ್‌ಎಚ್ ಅನ್ನುವ ರಕ್ತಪರೀಕ್ಷೆ ಮಾಡಿ ನೋಡಿದರೆ ಥೈರಾಯ್ಡ್ ಕೆಲಸ ನಿಲ್ಲಿಸಿತ್ತು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ, ಇಮ್ಯುನೊಥೆರಪಿ ನಿಲ್ಲಿಸಬೇಕಾಗಲಿಲ್ಲ.

ಹಾಸನದ ಮಗಳು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಇಜಿಎಫ್‌ಆರ್, ಎಎಲ್‌ಕೆ ಎರಡೂ ನೆಗೆಟಿವ್ ಬಂತು. ಬೇರೆ ಯಾವುದಕ್ಕೂ ಮಾತ್ರೆ ಇರುವಂಥದ್ದು ಸಿಗಲಿಲ್ಲ. ಹಾಗಾಗಿ ಪೆಂಬ್ರೊಲಿಜುಮಾಬ್ ಒಂದೇ, 3 ವಾರಕ್ಕೊಮ್ಮೆ. ಸಹಾಯ ಯೋಜನೆಗೆ ಹೆಸರು ಕೊಟ್ಟಿದ್ದೇವೆ. ಒಂಬತ್ತು ವಾರಕ್ಕೆ ಮೊದಲ ಸ್ಕ್ಯಾನ್. ಪೂರ್ತಿ ವಾಸಿ ಮಾಡೋದಕ್ಕಲ್ಲ, ಎಷ್ಟು ದಿನ ಆಗುತ್ತದೋ ಅಷ್ಟು ದಿನ ಹಿಡಿದಿಡೋದಕ್ಕೆ ಅಂತ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು.

ಅಪ್ಪ ಒಳಗೆ ಬಂದಿದ್ದರು. ಮಾಸ್ತರ್ ಹೇಳಿದ ಹಾಗೇ ಆಯ್ತು, ನಿಮಗೆ ಏನು ಅನ್ನಿಸಿದೆ ಅಂತ ಡಾಕ್ಟರ್ ಕೇಳಿದಾಗ ಅಪ್ಪ ನಮ್ಮ ಕಡೆ ತಿರುಗಿಯೂ ನೋಡದೆ 'ಕ್ಯಾನ್ಸರ್ ಇರಬೇಕು ಸಾರ್' ಅಂದರು. ಅಮ್ಮ ಅತ್ತರು. ಅಪ್ಪ ಅಳಲಿಲ್ಲ.

ಹಳೇ ಕಾಯಿಲೆ ಏನಾದರೂ ಇದೆಯಾ ಅಂತ ಕೇಳಿದಾಗ, ನಾನೂ ಅಣ್ಣನೂ ಬಿಪಿ ಬಿಟ್ಟರೆ ಏನೂ ಇಲ್ಲ ಅಂದೆವು. ಅಪ್ಪ ಶರ್ಟ್ ತೋಳು ಮಡಚಿ ಮೊಣಕೈ ತೋರಿಸಿದರು. ಬಿಳೀ ಹೊಟ್ಟು ಏಳುವ ಕೆಂಪು ಕಲೆ. ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೇನೆ, ಅಪ್ಪನ ಮೊಣಕೈ ಅಂದರೆ ಹಾಗೇ ಅಂದುಕೊಂಡಿದ್ದೆ. ಡಾಕ್ಟರ್ ಹತ್ತಿರ ಬಂದು ಬೆರಳಿಂದ ಮುಟ್ಟಿ ನೋಡಿ, ಇದು ಸೋರಿಯಾಸಿಸ್, ಎಷ್ಟು ವರ್ಷದಿಂದ ಅಂತ ಕೇಳಿ ಫೈಲ್‌ನಲ್ಲಿ ಬರೆದುಕೊಂಡರು. ಔಷಧಿ ಕೊಡಬಹುದು, ಆದರೆ ಇದು ಜಾಸ್ತಿ ಆಗಬಹುದು, ಚರ್ಮದ ಡಾಕ್ಟರಿಗೂ ತೋರಿಸಿಕೊಂಡೇ ಶುರು ಮಾಡೋಣ ಅಂದರು. ಪಕ್ಕದ ಮನೆಯವರು ಕೊಟ್ಟ ಅಮೃತಬಳ್ಳಿ ಪುಡಿ ತಿಂಗಳಿಂದ ತಗೋತಿರೋದನ್ನೂ ಅಪ್ಪನೇ ಹೇಳಿದರು. ಅದು ಅಮ್ಮನಿಗೂ ಗೊತ್ತಿರಲಿಲ್ಲ.

ನಿನ್ನೆ ಮೊದಲ ಡೋಸ್ ಆಯ್ತು, ಅರ್ಧ ಗಂಟೆ ಡ್ರಿಪ್. ಬರುವಾಗ ಚನ್ನರಾಯಪಟ್ಟಣದಲ್ಲಿ ಕಾರು ನಿಲ್ಲಿಸಿ ಇಡ್ಲಿ ತಿಂದರು. ನಂಬರ್ ಬರೆದ ಚೀಟಿ ನನ್ನ ಪರ್ಸ್‌ನಲ್ಲಿತ್ತು, ಅದನ್ನು ಈಸಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

ಡೇಕೇರ್ ನರ್ಸ್ ಅವರೇ, ಇನ್ನೊಂದು ಕೇಳಬೇಕಿತ್ತು. ಬೆರಳಿಗೆ ಹಾಕೋ ಆ ಮಷಿನ್ ಮನೆಗೆ ತಂದಿಟ್ಟುಕೊಂಡರೆ ಒಳ್ಳೆಯದಾ? ಎಷ್ಟಕ್ಕಿಂತ ಕಡಿಮೆ ಆದರೆ ಫೋನ್ ಮಾಡಬೇಕು?

ಡೇಕೇರ್ ನರ್ಸ್

ತಂದಿಡಿ. ದಿನಾ ಒಂದೇ ಹೊತ್ತಿಗೆ ಕೂತು ನೋಡಿ, ಆಮೇಲೆ ಮನೆಯೊಳಗೆ ಆರು ನಿಮಿಷ ನಡೆದು ಇನ್ನೊಂದು ಸಲ ನೋಡಿ, ಎರಡನ್ನೂ ಬರೆದಿಡಿ. ಅಪ್ಪನ ಮಾಮೂಲಿ ಎಷ್ಟು ಅಂತ ಈ ವಾರವೇ ಗೊತ್ತಾಗಲಿ. ಅದಕ್ಕಿಂತ 3 ಇಳಿದರೆ, ಅಥವಾ 94ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಿ, ಅವರ ಡಾಕ್ಟರ್ ಬೇರೆ ಸಂಖ್ಯೆ ಹೇಳಿದ್ದರೆ ಅದನ್ನೇ ಹಿಡಿಯಿರಿ. ಮಷಿನ್ ಸರಿಯಾಗಿಯೇ ತೋರಿಸುತ್ತಿದ್ದು, ಅಪ್ಪ ಮಾತ್ರ ಉಸಿರು ಸಾಲುತ್ತಿಲ್ಲ ಅಂದರೆ, ಅಪ್ಪನ ಮಾತನ್ನೇ ನಂಬಿ ಫೋನ್ ಮಾಡಿ.